ಬೆಂಗ್ರೆ, ಎರಡನೆಯ ದಿನ

ಬಂದರಿನಿಂದ ಬೆಂಗ್ರೆಗೆ ಫೆರಿ.
ನನ್ನ ಮಡಿಲಲ್ಲೊಂದು ಪೊಟ್ಟಣ, ಪೇಪರು ಸುತ್ತಿ ಹುರಿ ಬಿಗಿದದ್ದು.
ಖಾಲಿ ಬುಟ್ಟಿಯ ಮೀನಿನ ಹೆಂಗಸು ಕೇಳಿದಳು:
“ಎಂತ ಬಾಯಮ್ಮ, ಬೊಂಡಾಸವಾ?”
ಹೌದೆಂದೆ.

ಒಳಗಿದ್ದದ್ದು ಮರದ ಮಾದರಿ.
ದಕ್ಕೆಯ ಪಕ್ಕ ದೋಣಿ ಕಟ್ಟುವ ವಾಮನ ಆಚಾರಿ
ಉಳಿದ ಕಿರಾಲ್‌ಬೋಗಿ ತುಂಡಿನಲ್ಲಿ ಕೆತ್ತಿ
ಮರಳುಕಾಗದ ತಿಕ್ಕಿ ಕೊಟ್ಟದ್ದು.
ಯಾಕೆಂದು ಕೇಳಲಿಲ್ಲ. ದುಡ್ಡನ್ನೂ ಕೇಳಲಿಲ್ಲ.
“ಒರಟಿದ್ದರೆ ಹೇಳಿ” ಎಂದ, ಅಷ್ಟೆ.

ಫುಟ್‌ಬಾಲ್ ಕ್ಲಬ್ಬಿನ ಮಾಳಿಗೆ, ಟ್ರೋಫಿ ಕಪಾಟಿನ ಎದುರು
ಹನ್ನೊಂದು ಜನ. ಮುಂದಿನ ತಿಂಗಳಿಂದ
ಬೋಟಿನ ಹುಡುಗರಿಗೆ, ಗಲ್ಫಿನ ವೀಸಾ ಕಾಯುವವರಿಗೆ
ಇವರೇ ಹೇಳಬೇಕು.
ನಿನ್ನೆ ರಕ್ತ, ಸೂಜಿ, ತಾಯಿಹಾಲು ಮುಗಿಸಿದ್ದೆವು.
ಇವತ್ತು ಉಳಿದದ್ದು.

ಕೈಪಿಡಿಯಲ್ಲಿ “ಅಸುರಕ್ಷಿತ ಲೈಂಗಿಕ ಸಂಪರ್ಕ” ಎಂದಿತ್ತು.
ಬೀಡಿ ಸಂಘದ ಮಿಸ್ರಿಯಾ ಪೆನ್ನು ಕೆಳಗಿಟ್ಟಳು:
“ಇದನ್ನು ಬ್ಯಾರಿಯಲ್ಲಿ ಎಂತ ಹೇಳುವುದು?
ನಮ್ಮಲ್ಲಿ ಎರಡೇ ಮಾತು, ಒಂದು ಬೈಗುಳ, ಒಂದು ಅರಬ್ಬಿ.”
ನನ್ನ ಕೊಂಕಣಿಯಲ್ಲೂ ಎರಡೇ:
ಒಂದು ಬೈಗುಳ, ಇನ್ನೊಂದು ಪಾದ್ರಿಯ ಕಿವಿಗೆ ಮಾತ್ರ.

ಒಂದು ಗಂಟೆ ಹುಡುಕಿದೆವು. ಬಲೆ, ಲಂಗರು, ಇಂಜಿನು,
ಹುಡುಗರು ಕಡಲಿನದ್ದೆಲ್ಲ ತಂದು ಸುರಿದರು.
ನಗು ಬಂತು, ಶಬ್ದ ಬರಲಿಲ್ಲ.

ಆಗ ಕಿಟಕಿ ಪಕ್ಕದ ಪೊಡಿಯಬ್ಬಾಕ,
ಎರಡು ದಿನದಿಂದ ಚಹಾ ಮಾತ್ರ ಕುಡಿದವರು:
“ತಮ್ಮ ಬೊಂಬಾಯಿಯಿಂದ ಬಂದಾಗ
ಲುಂಗಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.
ಟೀಬಿ ಎಂದೆವು. ಮಯ್ಯತ್ತು ಮೀಯಿಸಲಿಕ್ಕೆ ಯಾರೂ ಬರಲಿಲ್ಲ,
ನಾನೊಬ್ಬನೇ ನೀರು ಹೊಯ್ದೆ.
ಶಬ್ದ ಸಿಗಲಿಲ್ಲ ಅಂತ ಮಕ್ಕಳಿಗೆ ಹೇಳದೆ ಕೂರಬೇಡಿ.
ಬೈಗುಳವೇ ಆಗಲಿ. ಹೇಳಿ.”
ಎದ್ದು ಅಸರ್ ನಮಾಜಿಗೆ ಹೋದರು.
ಮೆಟ್ಟಿಲುದ್ದಕ್ಕೂ ಚಪ್ಪಲಿಯ ಸದ್ದು.

ಪೊಟ್ಟಣ ಬಿಚ್ಚಿದೆ.
ಪೆನಾಲ್ಟಿ ಹಿಡಿಯುವ ಸಿನಾನನ ಕೈ ನಡುಗಿ
ಮೊದಲನೆಯದು ಹರಿಯಿತು. ಎರಡನೆಯದು ತಿರುವುಮುರುವು.
ಮೂರನೆಯದಕ್ಕೆ ಮಿಸ್ರಿಯಾ ಮುಖ ತಿರುಗಿಸಲಿಲ್ಲ,
ತಪ್ಪು ತೋರಿಸಿದಳು: “ತುದಿಯಲ್ಲಿ ಗಾಳಿ.”
ಹಿಂದಿನ ಸಾಲಿನಿಂದ ಬೋಟಿನ ಹುಡುಗನೊಬ್ಬ,
“ನನ್ನದೊಬ್ಬ ಫ್ರೆಂಡು ಇದ್ದಾನೆ...”
ಯಾರೂ ನಗಲಿಲ್ಲ.

ಸಂಜೆಯ ಫೆರಿಯಲ್ಲಿ ಅದೇ ಹೆಂಗಸು:
“ಬೊಂಡಾಸ ಮಾರಿ ಹೋಯಿತಾ?”
“ಇಲ್ಲ, ಅಲ್ಲೇ ಬಿಟ್ಟು ಬಂದೆ. ಅವರಿಗೆ ಬೇಕಂತೆ.”
ಕಪಾಟಿನಲ್ಲಿದೆ, ರನ್ನರ್ಸ್ ಅಪ್ ಟ್ರೋಫಿಯ ಹಿಂದೆ.
ಕೀಲಿಕೈ ಮಿಸ್ರಿಯಾಳ ಹತ್ತಿರ.