ಹೂ: ಇಲ್ಲ

ಊರಿಗಾಂ ದಾಟಿ, ಸೈನೈಡ್ ದಿಬ್ಬದ ಬೆನ್ನಿಗೆ
ಹನ್ನೊಂದು ಮೆಳೆ. ಎರಡು ಸಲ ಎಣಿಸಿದೆ.
ಗಳ ಹಳದಿ, ಅದರ ಮೇಲೆ ಹಸಿರು ಗೀಟು,
ಕೆಲಸ ಮುಗಿಸಿದ ಪೇಂಟರು ಬ್ರಷ್ ಒರೆಸಿದ ಹಾಗೆ
ಒಂದು ದಪ್ಪ, ಒಂದು ಕೂದಲೆಳೆ.

ಬಣ್ಣ ನೋಡಿ ಹೆಸರಿಡಬೇಡ ಎಂದಿದ್ದರು ಕ್ಲಾಸಿನಲ್ಲಿ.
ಬಣ್ಣ ಎಲ್ಲರಿಗೂ ಕಾಣುತ್ತದೆ. ಪೊರೆ ನೋಡು.

ಬುಡದಲ್ಲಿ ಕೂತೆ. ಮುಳ್ಳಿಲ್ಲ,
ಹಾಗಾಗಿ ಹೆಬ್ಬಿದಿರಲ್ಲ.
ಒಳಗೆ ಟೊಳ್ಳು, ಕಿರುಬಿದಿರೂ ಅಲ್ಲ.
ಕೆಳಗಿನ ಗಿಣ್ಣುಗಳಿಗೆ ಬೇರಿನ ಉಂಗುರ,
ನೆಲ ಮುಟ್ಟುವ ಮೊದಲೇ ಆತುರ.
ಕಳಲೆಯ ಪೊರೆಗೆ ಎರಡು ಕಿವಿ, ಎರಡೂ ಒಂದೇ ಅಳತೆ,
ಕಿವಿಯಂಚಿಗೆ ಬಿರುಗೂದಲು,
ನಡುವೆ ಗಿಡ್ಡ ನಾಲಿಗೆ, ಅಂಚು ಹಲ್ಲುಹಲ್ಲು.
ಬೆನ್ನ ತುಂಬ ಕಪ್ಪು ರೋಮ.
ಲೆನ್ಸ್ ಹಿಡಿದ ಕೈಗೇ ಚುಚ್ಚಿತು.

ಕಿವಿಯಿದೆ, ನಾಲಿಗೆಯಿದೆ. ಹೂವಿಲ್ಲ.
ಈ ಜಾತಿ ಹೂ ಬಿಡುವುದೇ ಅಪರೂಪ, ಬಿಟ್ಟರೂ ಬೀಜ ಕಟ್ಟದು.
ಬೀಜವಿಲ್ಲದ್ದು ಬಂಗಲೆಯ ಕಾಂಪೌಂಡಿನಿಂದ
ಇಲ್ಲಿಗೆ ಒಂದೂವರೆ ಮೈಲಿ ಬಂದದ್ದು ಹೇಗೆ?
ತೇಲಿ ಬರಲು ಹಳ್ಳವಿಲ್ಲ.

ನಾರೆಮ್ಮನನ್ನು ಕರೆತಂದೆ. ರಾಬರ್ಟ್‌ಸನ್‌ಪೇಟೆಯಲ್ಲಿ
ಮೊರ ಮಾರುವವಳು.
ಕತ್ತಿಯ ಬೆನ್ನಿಂದ ಗಳಕ್ಕೊಮ್ಮೆ ಬಡಿದು, ಕಿವಿಗೊಟ್ಟು,
"ಇದು ಸೀಳಕ್ಕೆ ಬರಲ್ಲ. ಹುಳ ಬೀಳ್ತದೆ. ಮೊರಕ್ಕಲ್ಲ" ಎಂದಳು.
ಮತ್ತೆ ಯಾತಕ್ಕೆ?
"ಚಟ್ಟಕ್ಕೆ."

ಆಮೇಲೆ, ಎಲೆಯಡಿಕೆ ಹಾಕಿಕೊಂಡು, ನಿಧಾನ:
"ಗಣಿಯಾಗೆ ಸತ್ರೆ ಗಳ ಎಲ್ಲಿಂದ ತರೋದು?
ದೊರೆ ಬಂಗಲೆ ಹಿಂದ್ಗಡೆ ರಾತ್ರಿ ಕೊಯ್ಯೋರು.
ಹಸೀದು. ಎರಡು ಉದ್ದ, ಏಳು ಅಡ್ಡ.
ಹೂಳಿದ್ ಮೇಲೆ ಮನೆಗೆ ತರಬಾರದು ನೋಡು,
ಮುರಿದು ಇಲ್ಲೇ ಬಿಸಾಕೋರು. ಮಳೆ ಬಂತಂದ್ರೆ...
ನಮ್ಮ ಮಾವಂದು ಆ ಮೂರನೇದು, ಬೇಲಿ ಕಡೇದು.
ಯಾರೂ ನೆಟ್ಟಿದ್ದಲ್ಲ ಕಣಮ್ಮ. ಇಳಿಸಿದ್ದು."

ಅಲ್ಲಿಯವರೆಗೆ ಮೆಳೆಯಿಂದ ಮೆಳೆಗೆ ಟೇಪು ಚಾಚಿದ್ದೆ.
ಸುತ್ತಿಟ್ಟೆ.

ಕಾಲೇಜಿನ ಹಾಳೆಯಲ್ಲಿ ಬರೆದೆ:
ಜಾತಿ, ಎರಡು ಲ್ಯಾಟಿನ್ ಪದ.
ಕೋಲಾರ ಜಿಲ್ಲೆ. ಕೆಂಪು ಮಣ್ಣು, ಕಲ್ಲುಪುಡಿ.
ಹೂ: ಇಲ್ಲ. ಹಣ್ಣು: ಇಲ್ಲ.
ಮೂಲ: ಹೊರಗಿನದು, ಈಗ ಇಲ್ಲಿಯದೇ.
'ಹರಡುವ ಬಗೆ' ಎಂಬಲ್ಲಿ
'ಗಳದ ತುಂಡುಗಳಿಂದ' ಎಂದು ಬರೆದು,
ಅಲ್ಪವಿರಾಮ ಹಾಕಿ,
'ನಾಲ್ಕು ಜನ ಹೊತ್ತು' ಎಂದು ಸೇರಿಸಿದೆ.

ಸರ್ ಕೆಂಪು ಪೆನ್ನಲ್ಲಿ ಹೊಡೆದುಹಾಕಬಹುದು.
ಹೆಬ್ಬೆರಳಲ್ಲಿ ಮುರಿದ ಕಪ್ಪು ರೋಮ ಇನ್ನೂ ಇದೆ,
ಬರೆಯುವಾಗ ಗೊತ್ತಾಗುತ್ತದೆ.