ಬುಡ

ರಾತ್ರಿ ಪಾಳಿಯಲ್ಲಿ ನಾವು ಮೊದಲು ಕೇಳುವುದು ಎರಡೇ ಮಾತು:
ತಿಂದದ್ದು ಎಷ್ಟು ಹೊತ್ತಿಗೆ?
ಹೊಟ್ಟೆ ತೊಳಸಿದ್ದು ಎಷ್ಟು ಹೊತ್ತಿಗೆ?
ನಡುವೆ ಒಂದು ತಾಸು ಎಂದರೆ ಡಾಕ್ಟರು ಕೂತೇ ಬರೆಯುತ್ತಾರೆ.
ಸೋಮ್ರಾ ಓರಾಂವ್ ಬೆರಳು ಮಡಚಿ ಎಣಿಸಿದ:
ಒಂಬತ್ತು. ಇಲ್ಲ, ಹತ್ತು.
ಡಾಕ್ಟರು ಎದ್ದು ನಿಂತರು.

ಅರಗಾದ ಕಾಮಗಾರಿಯಲ್ಲಿ ಕಬ್ಬಿಣ ಕಟ್ಟುವವನು,
ಊರು ಜಾರ್ಖಂಡದ ಯಾವುದೋ ಗುಡ್ಡ.
ಪುನರ್ವಸು ಒಂದು ದಿನ ಹೊಳವಾದಾಗ
ಶೆಡ್ಡಿನ ಹಿಂದೆ, ಮರದಡಿ, ಬೆಳ್ಳಗೆ ಎದ್ದಿದ್ದವಂತೆ,
ಥೇಟ್ ಅವನ ತಾಯಿ ಆರಿಸಿ ತರುತ್ತಿದ್ದ ಹಾಗೆ.
ಅರಿಶಿನ ಹಾಕಿ ನೋಡಿದ, ಬಣ್ಣ ತಿರುಗಲಿಲ್ಲ.
ಬೆಳ್ಳಿಯುಂಗುರ ಹಾಕಿ ಕುದಿಸಿದ, ಕಪ್ಪಾಗಲಿಲ್ಲ.
ಬಸವನಹುಳು ಕಚ್ಚಿದ ಗುರುತೂ ಇತ್ತು.
ರುಚಿಯಾಗಿತ್ತು ಸಿಸ್ಟರ್, ಎಂದ.
ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ.

ಬೆಳಿಗ್ಗೆ ಅವನ ಡಬ್ಬಿಯಲ್ಲಿ ಉಳಿದ ಎರಡನ್ನು
ಮೀನು ಮಾರ್ಕೆಟಿನ ಎದುರು ಕೂರುವ ಬುದವಂತಿಗೆ ಒಯ್ದೆ.
ಕೊರಳ ತುಂಬ ಮಣಿಸರ, ಮುಂದೆ
ಸಾಗವಾನಿ ಎಲೆಯಲ್ಲಿ ಸುತ್ತಿದ ಹುತ್ತದ ಅಣಬೆ.
ಕೈ ತಾಗಿಸಲಿಲ್ಲ. ಹಿಡಿಕಡ್ಡಿಯಲ್ಲಿ ಮಗುಚಿ
ಕೊಡೆಯಡಿಯ ಪದರ ನೋಡಿದಳು, ಕಾಂಡದ ಬಳೆ ನೋಡಿದಳು.
"ಬುಡ ಎಲ್ಲಿ?"
ಇಲ್ಲ.
"ಮೇಲಿಂದ ಮುರದೀರಿ. ಹೇಳೂ ಮಾತು ಮಣ್ಣಲ್ಲೇ ಉಳೀತು."

ಅರಿಶಿನ, ಬೆಳ್ಳಿಯ ಪರೀಕ್ಷೆ ಹೇಳಿದೆ. ನಕ್ಕಳು.
"ಬೆಳ್ಳಿಗೆಂತ ಗೊತ್ತು? ಬಸವನಹುಳಕ್ಕೆ ನಮ್ಮ ಹೊಟ್ಟೆ ಇತ್ತೇ?
ಗುರ್ತ ಇದ್ದದ್ದು ತಿನ್ನೂದು. ಇಲ್ದಿದ್ರೆ ಬಿಡೂದು.
ನಂಗೆ ಗೊತ್ತಿದ್ದದ್ದೇ ಮೂರು ಜಾತಿ.
ಈ ವರ್ಷ ಮೊಮ್ಮಗ ಒಂದು ಗುರ್ತ ಇಲ್ದದ್ದ ಸೇರ್ಸಿ ತಂದ,
ಇಡೀ ಬುಟ್ಟಿ ಹೊಂಡಕ್ಕೆ ಹಾಕ್ದೆ."
ಆಮೇಲೆ ಕೇಳಿದಳು, "ಹೆಸರೆಂತ ಅವಂದು?"
ಹೇಳಿದೆ. ಸೋಮವಾರ ಹುಟ್ಟಿದವನಂತೆ.
"ನಾನು ಬುಧವಾರ," ಎಂದು ಸುಮ್ಮನಾದಳು.

ಮಧ್ಯಾಹ್ನ ಅರಗಾಕ್ಕೆ ಹೋಗಿ
ಊಟದ ಚಮಚದಲ್ಲೇ ಮರದಡಿ ಕೆದಕಿದೆ.
ಸಿಕ್ಕಿತು:
ಒಡೆದ ಮೊಟ್ಟೆಯ ಸಿಪ್ಪೆಯಂಥ ಬಟ್ಟಲು,
ಬಿಳಿ, ತೆಳು, ಒಳಗೆ ಒಂದು ಹನಿ ನೀರು.
ಫೋಟೋ ತೆಗೆದು ಡಾಕ್ಟರಿಗೆ ಕಳಿಸುವಾಗ
ಆಂಬುಲೆನ್ಸು ಅಂಕೋಲೆ ದಾಟಿ ಮಣಿಪಾಲದ ದಾರಿಯಲ್ಲಿತ್ತು.
ನಮ್ಮ ರಿಜಿಸ್ಟರಿನಲ್ಲಿ ಅವನು ಅಲ್ಲಿಗೇ ಮುಗಿದಿದ್ದಾನೆ:
'ಮೇಲಿನ ಆಸ್ಪತ್ರೆಗೆ'.
ಮುಂದಿನ ಕಾಲಂ ಖಾಲಿ.

ಈಗಲೂ ಪುನರ್ವಸುವಿಗೆ ಒಂದು ಕಟ್ಟು ಕೊಳ್ಳುತ್ತೇನೆ.
ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ತಿರುಗಿಸಿ
ಹುತ್ತದ ಆಳದಿಂದ ಬಂದ ಉದ್ದ ಬೇರು ಇದೆಯೇ ನೋಡುತ್ತೇನೆ.
ಬುದವಂತಿಗೆ ಬೇಸರವಿಲ್ಲ.
ಹಿಂದೆ ಗಿರಾಕಿಗಳು ಕಾಯುತ್ತಿದ್ದರೂ
ಎಲೆ ಬಿಚ್ಚಿ ಹಿಡಿದೇ ಇರುತ್ತಾಳೆ,
ಕೊನೆಯದನ್ನು ನಾನು ಕೆಳಗಿಡುವವರೆಗೆ.