ಹದಿನೇಳು ಕಿಂಡಿ

ಗ್ಲಾಸ್ಗೋ, ಮೂರನೇ ಮಹಡಿ. ಪೆನ್ಸಿಲ್ ಹಿಡಿದು ಬಂದವನು
ಗೋಡೆಯ ಬುಡಕ್ಕೆಲ್ಲ ಅದನ್ನು ತೂರಿಸಿ ನೋಡಿದ:
ಪೆನ್ಸಿಲ್ ಹೊಕ್ಕಲ್ಲಿ ಇಲಿಯೂ ಹೊಗುತ್ತದಂತೆ.
ಹದಿನೇಳು ಕಿಂಡಿ. ನಾನೂರ ಹತ್ತು ಪೌಂಡು,
ಉಕ್ಕಿನ ನಾರು, ಸಿಮೆಂಟು, ವರ್ಷದ ಗ್ಯಾರಂಟಿ ಸೇರಿ.

ಇಶ್ಬೆಲ್ ಕನ್ನಡಕ ಏರಿಸಿದಳು:
'ಇಲಿ ಒಂದೇ ತಾನೇ? ಅದು ಬರುವ ಕಿಂಡಿಗಷ್ಟೇ ಎಷ್ಟು?'
'ಯಾವುದೆಂದು ಅದಿನ್ನೂ ಹೇಳಿಲ್ಲವಲ್ಲ.'

ಬೆಟ್ಟ ಅಗೆದು ಇಲಿ ಹಿಡಿಯುವುದೇ ಅಗ್ಗ;
ಬಾರದ ಹಾಗೆ ಬೆಟ್ಟ ಮುಚ್ಚಲು
ಕಂತು ಕಟ್ಟಬೇಕು.

ಸಂಜೆ ಗಾರೆ ಒಣಗುತ್ತಿತ್ತು.
ಒಲೆಯ ಹಿಂದಿನಿಂದ ನುಸುಳುತ್ತಿದ್ದ
ಕೆಳಮನೆಯ ರೇಡಿಯೋ, ಹುರಿದ ಈರುಳ್ಳಿಯ ವಾಸನೆ
ಇಲ್ಲ.
ಅದಕ್ಕೆ ಬಿಲ್ಲಿನಲ್ಲಿ ಸಾಲಿರಲಿಲ್ಲ.

ರಾತ್ರಿ, ಕಪಾಟಿನ ಹಿಂದೆ, ಕರಕರ.
ಒಳಗೇ ಉಳಿದುಬಿಟ್ಟಿದೆ!
ದೀಪ ಹಾಕಿ ಗ್ಯಾರಂಟಿ ಚೀಟಿ ಬಿಡಿಸಿದಳು:
ಹೊರಗಿನಿಂದ ಬರುವವಕ್ಕೆ ಮಾತ್ರ.